ಗೇಮ್ ಬಾಯ್ ಶೂಟಿಂಗ್ ಆಟ ನಮಗೆ ಮೋಸ ಮಾಡುತ್ತದೆಯೇ? ಪರದೆಯ ಹಿಂದಿನ ಲೆಕ್ಕ ಇಲ್ಲಿದೆ

"ಗುಂಡು ತಾಗೇ ಇಲ್ಲ, ಆದ್ರೂ ಔಟ್ ಅಂತಿದೆ!"

ಫೋನಿನಲ್ಲಿ ವಿಮಾನದ ಆಟ ಆಡುವ ಮಕ್ಕಳ ಬಾಯಲ್ಲಿ ಈ ಮಾತು ನೀವು ಕೇಳಿರುತ್ತೀರಿ. ನೀವೇ ಹೇಳಿಯೂ ಇರಬಹುದು. ಪರದೆಯ ಕೆಳಗೆ ನಮ್ಮದೊಂದು ಪುಟ್ಟ ವಿಮಾನ, ಮೇಲಿನಿಂದ ಸಾಲುಸಾಲಾಗಿ ಬರುವ ಶತ್ರುಗಳು, ಸುತ್ತಲೂ ಗುಂಡಿನ ಮಳೆ. ಎರಡು ಮೂರು ಸಲ ಸೋತ ಮೇಲೆ ಎಲ್ಲರಿಗೂ ಬರುವ ಅನುಮಾನ ಒಂದೇ: ಈ ಮೆಷಿನ್ ಬೇಕಂತಲೇ ನಮ್ಮನ್ನು ಸೋಲಿಸುತ್ತಿದೆ.

ನಿಜವೇ? ಇಂದಿನ ಫೋನ್ ಆಟಗಳ ಒಳಗೆ ಏನು ನಡೆಯುತ್ತದೆ ಎಂದು ಹೊರಗಿನಿಂದ ಹೇಳುವುದು ಕಷ್ಟ. ಆದರೆ ಹಳೆಯ ಗೇಮ್ ಬಾಯ್ ಮೆಷಿನ್‌ನ ಒಳಗೆ ಏನಿದೆ ಎಂಬುದು ಇಂದು ಎಲ್ಲರಿಗೂ ತೆರೆದ ಪುಸ್ತಕ. ಆದ್ದರಿಂದ ನಾವು ಉದಾಹರಣೆಗೆ ತೆಗೆದುಕೊಂಡಿರುವುದು 1990ರಲ್ಲಿ ಗೇಮ್ ಬಾಯ್‌ಗೆ ಬಂದ 'ಸೋಲಾರ್ ಸ್ಟ್ರೈಕರ್' ಆಟವನ್ನು. ಬನ್ನಿ, ಒಂದೊಂದೇ ಅನುಮಾನವನ್ನು ಬಿಡಿಸಿ ನೋಡೋಣ.

ಏನಿದು ವರ್ಟಿಕಲ್ ಸ್ಕ್ರೋಲಿಂಗ್ ಶೂಟರ್?

ಹೆಸರು ದೊಡ್ಡದು, ವಿಷಯ ಸರಳ. ಹಿನ್ನೆಲೆಯ ಚಿತ್ರ ಮೇಲಿನಿಂದ ಕೆಳಕ್ಕೆ ತಾನಾಗಿಯೇ ಸರಿಯುತ್ತಿರುತ್ತದೆ. ಆಟಗಾರ ವಿಮಾನವನ್ನು ನಾಲ್ಕೂ ಕಡೆಗೆ ಆಡಿಸುತ್ತಾ ಗುಂಡು ಹಾರಿಸಬೇಕು, ಎದುರಿನ ಗುಂಡು ತಪ್ಪಿಸಿಕೊಳ್ಳಬೇಕು. ನಿಲ್ಲುವಂತಿಲ್ಲ, ಹಿಂದಕ್ಕೆ ಹೋಗುವಂತಿಲ್ಲ.

1978ರಲ್ಲಿ ಜಪಾನಿನ ಟೈಟೊ ಕಂಪನಿಯ 'ಸ್ಪೇಸ್ ಇನ್ವೇಡರ್ಸ್' ಬಂದಾಗ ಶತ್ರುಗಳು ಮೇಲಿನಿಂದ ಇಳಿಯುತ್ತಿದ್ದರು, ಆದರೆ ಹಿನ್ನೆಲೆ ನಿಂತಲ್ಲೇ ಇತ್ತು. ಮುಂದೆ ನಾಮ್ಕೊ ಕಂಪನಿಯ 'ಝೀವಿಯಸ್' ಮತ್ತು 1984ರಲ್ಲಿ ಕ್ಯಾಪ್ಕಾಮ್‌ನ '1942' ಆಟಗಳಲ್ಲಿ ಕಾಡು, ನದಿ, ಸಮುದ್ರಗಳೆಲ್ಲ ಕೆಳಗೆ ಸರಿಯತೊಡಗಿದವು. ಇವೆಲ್ಲ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಯ ಮೆಷಿನ್‌ಗಳು.

ಇದೇ ಆಟವನ್ನು ಅಂಗೈಗೆ ತರುವುದು ಹೇಗೆ? ಅದಕ್ಕೆ ಉತ್ತರವೇ ಸೋಲಾರ್ ಸ್ಟ್ರೈಕರ್.

ಆಟ ಆಡುವುದು ಹೇಗೆ?

ಸೋಲಾರ್ ಸ್ಟ್ರೈಕರ್ ಆಟವನ್ನು ನಿಂಟೆಂಡೊ ಕಂಪನಿಯ ಆರ್ ಅಂಡ್ ಡಿ 1 ತಂಡವೂ ಮಿನಾಕುಚಿ ಎಂಜಿನಿಯರಿಂಗ್ ಎಂಬ ಸಂಸ್ಥೆಯೂ ಸೇರಿ ಮಾಡಿದವು. ಆ ಆರ್ ಅಂಡ್ ಡಿ 1 ತಂಡದ ಮುಖ್ಯಸ್ಥರು ಗುಂಪೇ ಯೊಕೊಯ್. 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಗೇಮ್ ಬಾಯ್ ಕೂಡ ಅವರ ತಂಡದ್ದೇ ಕೆಲಸ. ಹಳೆಯದಾಗಿ ಅಗ್ಗವಾಗಿರುವ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಬಳಸಬೇಕು ಎಂಬುದು ಯೊಕೊಯ್ ಅವರ ನಂಬಿಕೆ.

ಕಥೆ ಹೆಚ್ಚೇನಿಲ್ಲ. ಭೂಮಿಯ ಪರವಾಗಿ ಒಂದೇ ಒಂದು ಬಾಹ್ಯಾಕಾಶ ವಿಮಾನ ಅನ್ಯಗ್ರಹದ ಪಡೆಯ ಎದುರು ಹೋಗುತ್ತದೆ. ಒಟ್ಟು 6 ಹಂತಗಳು. ಪ್ರತಿ ಹಂತದ ಕೊನೆಯಲ್ಲಿ ಒಬ್ಬ 'ಬಾಸ್', ಅಂದರೆ ತುಂಬ ಏಟು ತಿಂದ ಮೇಲಷ್ಟೇ ಸಾಯುವ ದೊಡ್ಡ ಶತ್ರು. ಎಡಗೈ ಹೆಬ್ಬೆರಳು ಕೂಡಿಸುವ ಚಿಹ್ನೆಯಂತಿರುವ ಗುಂಡಿಯ ಮೇಲೆ. ಅದರಿಂದ ವಿಮಾನ ಓಡಾಡುತ್ತದೆ. ಬಲಗೈ ಹೆಬ್ಬೆರಳು ಗುಂಡು ಹಾರಿಸುವ ಗುಂಡಿಯ ಮೇಲೆ. ದಾರಿಯಲ್ಲಿ 'ಪಿ' ಎಂದು ಬರೆದ ವಸ್ತುಗಳು ಸಿಗುತ್ತವೆ. ಅವನ್ನು ಹಿಡಿದರೆ ಗುಂಡಿನ ಶಕ್ತಿ ಹೆಚ್ಚುತ್ತದೆ.

ಇಷ್ಟೇ ಆಟ. ಎರಡು ನಿಮಿಷದಲ್ಲಿ ಕಲಿಯಬಹುದು. ಮುಗಿಸುವುದಕ್ಕೆ ಮಾತ್ರ ತಾಳ್ಮೆ ಬೇಕು.

ಅನುಮಾನ 1: ವಿಮಾನ ನಿಜಕ್ಕೂ ಮುಂದೆ ಹೋಗುತ್ತಿದೆಯೇ?

ಇಲ್ಲ. ಇದೇ ಈ ಆಟದ ಮೊದಲ ಮ್ಯಾಜಿಕ್.

ಮೆಜೆಸ್ಟಿಕ್‌ನಲ್ಲಿ ನಿಂತ ಬಸ್ಸಿನಲ್ಲಿ ಕೂತಿದ್ದೀರಿ ಎಂದುಕೊಳ್ಳಿ. ಪಕ್ಕದ ಬಸ್ಸು ಹಿಂದಕ್ಕೆ ಸರಿದರೆ, ನಮ್ಮ ಬಸ್ಸೇ ಮುಂದೆ ಹೊರಟಿತೇನೋ ಎಂದು ಒಂದು ಕ್ಷಣ ಅನಿಸುತ್ತದೆ ಅಲ್ಲವೇ? ಕಣ್ಣಿಗೆ ಕಾಣುವ ದೊಡ್ಡ ದೃಶ್ಯವೆಲ್ಲ ಒಂದೇ ಕಡೆಗೆ ಸರಿದರೆ, ಚಲಿಸುತ್ತಿರುವುದು ನಾವೇ ಎಂದು ಮಿದುಳು ತೀರ್ಮಾನಿಸುತ್ತದೆ. ಹಳೆಯ ಸಿನಿಮಾಗಳಲ್ಲಿ ಸ್ಟುಡಿಯೊ ಒಳಗೆ ನಿಂತ ಕಾರಿನ ಹಿಂದೆ ರಸ್ತೆಯ ಚಿತ್ರ ಓಡಿಸುತ್ತಿದ್ದದ್ದೂ ಇದೇ ಉಪಾಯ. 90ರ ದಶಕದಲ್ಲಿ ನಮ್ಮ ಜಾತ್ರೆಗಳಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್ ನೆನಪಿದೆಯೇ? ಅದರ ಕಾರ್ ರೇಸ್‌ನಲ್ಲಿ ನಮ್ಮ ಕಾರು ಕೆಳಗೇ ಇರುತ್ತಿತ್ತು, ಬದಿಯ ಗೋಡೆಗಳು ಕೆಳಗಿಳಿಯುತ್ತಿದ್ದವು. ಅದೂ ಇದೇ ಲೆಕ್ಕ.

ಗೇಮ್ ಬಾಯ್ ಇದನ್ನು ಮಾಡುವ ರೀತಿ ಇನ್ನೂ ಸೊಗಸು. ಅದರ ಪರದೆ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳದ್ದು. ಈ ಚುಕ್ಕೆಗಳನ್ನೇ ಪಿಕ್ಸೆಲ್ ಎನ್ನುತ್ತಾರೆ. ಬಣ್ಣವಿಲ್ಲ, 4 ಛಾಯೆಗಳು ಮಾತ್ರ. ಇಡೀ ಪರದೆಯ ಚಿತ್ರವನ್ನು ಚುಕ್ಕೆ ಚುಕ್ಕೆಯಾಗಿ ಬರೆಯಲು 5,760 ಬೈಟ್ ಮಾಹಿತಿ ಬೇಕು. ಸೆಕೆಂಡಿಗೆ ಸುಮಾರು 60 ಸಲ ಹೀಗೆ ಬರೆಯುವುದೆಂದರೆ 3 ಲಕ್ಷ 45 ಸಾವಿರ ಬೈಟ್. ಆ ಪುಟ್ಟ ಪ್ರೊಸೆಸರ್‌ಗೆ ಆಟ ನಡೆಸುವ ಜೊತೆಗೆ ಇದನ್ನೂ ಮಾಡುವ ಶಕ್ತಿ ಇಲ್ಲ.

ಹಾಗಾಗಿ ಬೇರೆ ದಾರಿ. ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚಿಕ್ಕ ಟೈಲ್‌ಗಳಾಗಿ ಮಾಡಿಟ್ಟುಕೊಳ್ಳುತ್ತದೆ. ಮನೆಯ ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ. ಮೆಮೊರಿಯಲ್ಲಿರುವ ನೆಲ 32 ಸಾಲು, ಸಾಲಿಗೆ 32 ಟೈಲ್. ಪರದೆಯಲ್ಲಿ ಕಾಣುವುದು ಅದರಲ್ಲಿ 18 ಸಾಲು, ಸಾಲಿಗೆ 20 ಟೈಲ್ ಮಾತ್ರ. ಉಳಿದದ್ದು ಕಾಣದ ಕಡೆ ಇರುತ್ತದೆ.

ಈಗ ಹಿನ್ನೆಲೆ ಸರಿಯಲು ಚಿತ್ರವನ್ನು ಮತ್ತೆ ಬರೆಯಬೇಕಿಲ್ಲ. ಈ ನೆಲದ ಯಾವ ಭಾಗದಿಂದ ತೋರಿಸಬೇಕು ಎನ್ನುವ ಒಂದೇ ಒಂದು ಸಂಖ್ಯೆಯನ್ನು ಬದಲಿಸಿದರೆ ಸಾಕು. ಆ ಸಂಖ್ಯೆ 0ಯಿಂದ 255ರವರೆಗೆ. ಒಂದೊಂದೇ ಕಡಿಮೆ ಮಾಡುತ್ತಾ ಹೋದರೆ ಇಡೀ ದೃಶ್ಯ ಕೆಳಗೆ ಸರಿಯುತ್ತದೆ. 0 ಮುಟ್ಟಿದ ಮೇಲೆ? ಮತ್ತೆ 255. ಹಿಟ್ಟಿನ ಗಿರಣಿಯ ಬೆಲ್ಟ್ ಸುತ್ತುವ ಹಾಗೆ ಈ ನೆಲವೂ ಸುತ್ತುತ್ತಲೇ ಇರುತ್ತದೆ. ಕಣ್ಣಿಗೆ ಬೀಳದ ಭಾಗದಲ್ಲಿ ಮುಂದಿನ ಸಾಲಿನ ಟೈಲ್‌ಗಳನ್ನು ಹಾಕುತ್ತಾ ಹೋದರಾಯಿತು. ಅದೂ 8 ಪಿಕ್ಸೆಲ್ ಸರಿದಾಗ ಒಮ್ಮೆ.

ಅಂದರೆ ನಮ್ಮ ಶೂರ ವಿಮಾನ 6 ಹಂತಗಳುದ್ದಕ್ಕೂ ಎಲ್ಲಿಗೂ ಹೋಗುವುದಿಲ್ಲ. ನೆಲವೇ ಅದರ ಕೆಳಗೆ ಹರಿಯುತ್ತದೆ!

ಅನುಮಾನ 2: ಗುಂಡು ತಾಗದೆಯೇ ಸತ್ತೆ, ಇದು ಮೋಸವಲ್ಲವೇ?

ಇದು ಎಲ್ಲರ ದೊಡ್ಡ ದೂರು. ಇದರಲ್ಲಿ ಸ್ವಲ್ಪ ನಿಜವೂ ಇದೆ.

ಗುಂಡು ವಿಮಾನಕ್ಕೆ ತಾಗಿತೇ ಎಂದು ಆಟ ಚಿತ್ರ ನೋಡಿ ತೀರ್ಮಾನಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆಗಳು ಮಾತ್ರ. ವಿಮಾನದ ಸುತ್ತ ಕಣ್ಣಿಗೆ ಕಾಣದ ಒಂದು ಆಯತ, ಗುಂಡಿನ ಸುತ್ತ ಇನ್ನೊಂದು ಆಯತ. ಒಂದರ ಎಡ ಅಂಚು, ಬಲ ಅಂಚು, ಮೇಲಂಚು, ಕೆಳಅಂಚುಗಳನ್ನು ಇನ್ನೊಂದರ ಜೊತೆ ಹೋಲಿಸಿ, ಎರಡೂ ಒಂದರ ಮೇಲೊಂದು ಬಂದಿದ್ದರೆ 'ತಾಗಿತು' ಎನ್ನುತ್ತದೆ. ನಾಲ್ಕು ಹೋಲಿಕೆ, ಕೆಲಸ ಮುಗಿಯಿತು. ಈ ಕಾಣದ ಆಯತಕ್ಕೆ 'ಹಿಟ್ ಬಾಕ್ಸ್' ಎನ್ನುತ್ತಾರೆ.

ಆದರೆ ವಿಮಾನದ ಆಕಾರ ಆಯತವಲ್ಲ. ಮೂತಿ ಚೂಪು, ಬದಿಯಲ್ಲಿ ರೆಕ್ಕೆ. ಹಿಟ್ ಬಾಕ್ಸ್ ದೊಡ್ಡದಾಗಿದ್ದರೆ ಮೂತಿಯ ಅಕ್ಕಪಕ್ಕದ ಖಾಲಿ ಜಾಗವೂ ಅದರೊಳಗೆ ಬರುತ್ತದೆ. ಗುಂಡು ಅಲ್ಲಿ ಹಾದರೆ ನಮಗೆ ಕಾಣುವುದು 'ತಾಗಲಿಲ್ಲ', ಲೆಕ್ಕದಲ್ಲಿ 'ತಾಗಿತು'. ಹಿಟ್ ಬಾಕ್ಸ್ ಚಿಕ್ಕದಾಗಿದ್ದರೆ ಇದರ ಉಲ್ಟಾ. ರೆಕ್ಕೆಗೆ ಗುಂಡು ಸವರಿದರೂ ಬದುಕುತ್ತೇವೆ. ಆಗ ಮಾತ್ರ ಯಾರೂ ಮೋಸ ಎನ್ನುವುದಿಲ್ಲ!

ಮುಂದೆ ಬಂದ 'ಡೋನ್‌ಪಾಚಿ' (1995) ಬಗೆಯ ಆಟಗಳಲ್ಲಿ ಪರದೆ ತುಂಬಾ ಗುಂಡುಗಳಿರುತ್ತವೆ. ಅವುಗಳ ನಡುವೆ ನುಸುಳಲು ಸಾಧ್ಯವಾಗುವುದು ಹಿಟ್ ಬಾಕ್ಸ್ ತುಂಬಾ ಚಿಕ್ಕದಾಗಿರುವುದರಿಂದಲೇ.

ತೀರ್ಮಾನ: ಲೆಕ್ಕ ಒರಟು, ಆದರೆ ಪ್ರತಿ ಸಲವೂ ಒಂದೇ. ನಿಯಮ ಬದಲಾಗುವುದಿಲ್ಲ, ಆದ್ದರಿಂದ ಕಲಿಯಬಹುದು. ಮೋಸವಲ್ಲ.

ಅನುಮಾನ 3: ಕಾಣದ ಗುಂಡು ಎಲ್ಲಿಂದ ಬಂತು?

ಇದಕ್ಕೆ ಎರಡು ಕಾರಣಗಳಿವೆ. ಎರಡೂ ಮೆಷಿನ್‌ನ ಬಡತನಕ್ಕೆ ಸೇರಿದವು.

ಮೊದಲನೆಯದು, ಓಡಾಡುವ ವಸ್ತುಗಳ ಮಿತಿ. ನಮ್ಮ ವಿಮಾನ, ಶತ್ರು, ಗುಂಡು ಇವೆಲ್ಲ ಹಿನ್ನೆಲೆಯ ಟೈಲ್‌ಗಳಲ್ಲ. ಅವುಗಳ ಮೇಲೆ ಬೇರೆಯಾಗಿ ಓಡಾಡುವ ಚಿತ್ರಗಳು. ಇವಕ್ಕೆ 'ಸ್ಪ್ರೈಟ್' ಎನ್ನುತ್ತಾರೆ. ಗೇಮ್ ಬಾಯ್ ಒಂದು ಸಲಕ್ಕೆ ಒಟ್ಟು 40 ಸ್ಪ್ರೈಟ್ ತೋರಿಸಬಲ್ಲದು. ಅಷ್ಟೇ ಅಲ್ಲ, ಪರದೆಯ ಒಂದು ಅಡ್ಡಗೆರೆಯಲ್ಲಿ 10ಕ್ಕಿಂತ ಹೆಚ್ಚು ಸ್ಪ್ರೈಟ್ ತೋರಿಸಲಾರದು. ಹನ್ನೊಂದನೆಯದು ಆ ಗೆರೆಯಲ್ಲಿ ಮಾಯ! ದೊಡ್ಡ ಶತ್ರುವೊಂದೇ ನಾಲ್ಕೈದು ಸ್ಪ್ರೈಟ್ ಅಗಲ ಇರಬಹುದು. ಹಾಗಾಗಿ 10 ಬೇಗ ಮುಗಿಯುತ್ತದೆ.

ಇದಕ್ಕೆ ಆಟ ಬರೆಯುವವರು ಕಂಡುಕೊಂಡ ಉಪಾಯ, ಸರದಿ. ಈ ಬಾರಿ ಒಂದನ್ನು ಬಿಟ್ಟರೆ ಮುಂದಿನ ಬಾರಿ ಇನ್ನೊಂದನ್ನು ಬಿಡುವುದು. ಆಗ ವಸ್ತು ಪೂರ್ತಿ ಮಾಯವಾಗುವ ಬದಲು ಮಿಣುಕುತ್ತದೆ. ಹಳೆಯ ಆಟಗಳಲ್ಲಿ ಶತ್ರುಗಳು ಹೆಚ್ಚಾದಾಗ ಚಿತ್ರ ಮಿಣಮಿಣ ಅನ್ನುವುದಕ್ಕೆ ಇದೇ ಕಾರಣ. ಆದರೆ ಕಾಣದಿದ್ದ ಕ್ಷಣದಲ್ಲೂ ಆ ಗುಂಡು ಲೆಕ್ಕದಲ್ಲಿ ಇದ್ದೇ ಇರುತ್ತದೆ.

ಎರಡನೆಯ ಕಾರಣ ಎಲ್‌ಸಿಡಿ ಪರದೆ. ಮೊದಲ ಗೇಮ್ ಬಾಯ್‌ನ ಪರದೆಗೆ ಒಳಗಿನಿಂದ ಬೆಳಕಿಲ್ಲ, ಜೊತೆಗೆ ಅದು ನಿಧಾನ. ಕಪ್ಪಾದ ಚುಕ್ಕೆ ಮತ್ತೆ ತಿಳಿಯಾಗಲು ಸಮಯ ಬೇಕು. ಅಷ್ಟರಲ್ಲಿ ಗುಂಡು ಮುಂದೆ ಹೋಗಿರುತ್ತದೆ. ಹಾಗಾಗಿ ವೇಗವಾಗಿ ಓಡುವ ಚಿಕ್ಕ ವಸ್ತು ಹೊಗೆಯ ಎಳೆಯಂತೆ ಮಸುಕಾಗಿ ಕಾಣುತ್ತದೆ. ಇಂತಹ ಪರದೆಗೆ ಶೂಟಿಂಗ್ ಆಟ ಮಾಡುವವರು ಹಿನ್ನೆಲೆಯನ್ನು ತಿಳಿಯಾಗಿ ಬಿಟ್ಟು, ಅಪಾಯದ ವಸ್ತುಗಳನ್ನು ಗಾಢವಾಗಿ ಬಿಡಿಸಬೇಕಾಗುತ್ತದೆ.

ಅನುಮಾನ 4: ಎಲ್ಲಿ ಹೋದರೂ ಗುಂಡು ನನ್ನ ಕಡೆಗೇ ಬರುತ್ತದಲ್ಲ?

ಬರುತ್ತದೆ, ಆದರೆ ನೀವು ಅಂದುಕೊಂಡ ಹಾಗಲ್ಲ.

ಈ ಬಗೆಯ ಆಟಗಳಲ್ಲಿ ಶತ್ರು ಗುಂಡು ಹಾರಿಸುವ ಕ್ಷಣದಲ್ಲಿ ನಮ್ಮ ವಿಮಾನ ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳುತ್ತದೆ. ಆ ದಿಕ್ಕಿಗೆ ಗುಂಡು ಬಿಡುತ್ತದೆ. ಆಮೇಲೆ ಸಾಮಾನ್ಯವಾಗಿ ಆ ಗುಂಡು ದಾರಿ ಬದಲಿಸುವುದಿಲ್ಲ. ಬೆನ್ನಟ್ಟುವ ಕ್ಷಿಪಣಿಗಳಂಥವು ಬೇರೆ ಮಾತು.

ಇದು ಗೊತ್ತಾದರೆ ಆಟವೇ ಬದಲಾಗುತ್ತದೆ. ಗುಂಡು ಹೊರಟ ಮೇಲೆ ಪಕ್ಕಕ್ಕೆ ಸ್ವಲ್ಪ ಸರಿದರೆ ಸಾಕು, ಅದು ನೀವು ಮೊದಲಿದ್ದ ಜಾಗಕ್ಕೆ ಹೋಗುತ್ತದೆ. ಹೊಸಬರು ಹೆದರಿ ಎಡದಿಂದ ಬಲಕ್ಕೆ ಪೂರ್ತಿ ಓಡುತ್ತಾರೆ. ಹಾಗೆ ಓಡಿದಾಗ ಗುಂಡುಗಳು ಪರದೆಯ ತುಂಬಾ ಹರಡಿ, ಕೊನೆಗೆ ನಿಲ್ಲಲು ಜಾಗವೇ ಇರುವುದಿಲ್ಲ. ಪಳಗಿದವರು ಸ್ವಲ್ಪ ಸ್ವಲ್ಪವೇ ಸರಿಯುತ್ತಾ, ಗುಂಡುಗಳೆಲ್ಲ ಒಂದೇ ಕಡೆ ಹಾಯುವಂತೆ ಮಾಡುತ್ತಾರೆ.

ಶತ್ರುಗಳು ಬರುವ ಜಾಗವೂ ಸಾಮಾನ್ಯವಾಗಿ ಮೊದಲೇ ಬರೆದಿಟ್ಟದ್ದು. ಹಿನ್ನೆಲೆ ಇಷ್ಟು ಸರಿದಾಗ ಇಂಥ ಶತ್ರು ಇಂಥ ಕಡೆಯಿಂದ ಬರಬೇಕು ಎಂಬ ಪಟ್ಟಿ ಇರುತ್ತದೆ. ನಾಟಕದಲ್ಲಿ ಪಾತ್ರಗಳು ಸರದಿಯಂತೆ ರಂಗಕ್ಕೆ ಬರುವ ಹಾಗೆ. ಹಾಗಾಗಿ ನಾಲ್ಕು ಸಲ ಆಡಿದವರಿಗೆ ಮುಂದೇನು ಎಂಬುದು ಗೊತ್ತಿರುತ್ತದೆ. ಎಲ್ಲ ಆಟಗಳೂ ಹೀಗೆ ಎಂದು ನಾವು ಹೇಳುತ್ತಿಲ್ಲ. 1986ರ 'ಝಾನಾಕ್' ಎಂಬ ಆಟ ಆಟಗಾರ ಹೇಗೆ ಆಡುತ್ತಾನೆ ಎಂದು ಗಮನಿಸಿ ಶತ್ರುಗಳನ್ನು ಹೆಚ್ಚು ಕಡಿಮೆ ಮಾಡುತ್ತಿತ್ತು.

ಅನುಮಾನ 5: ಶತ್ರು ಹೆಚ್ಚಾದಾಗ ಆಟ ನಿಧಾನವಾಗುವುದು ಬ್ಯಾಟರಿ ಇಳಿದಿದ್ದಕ್ಕೆ?

ಅಲ್ಲ. ಗೇಮ್ ಬಾಯ್ 4 ಪೆನ್ ಟಾರ್ಚ್ ಸೆಲ್‌ಗಳಿಂದ ನಡೆಯುತ್ತದೆ. ಸೆಲ್ ಇಳಿದಾಗ ಮುಂಭಾಗದ ಕೆಂಪು ದೀಪ ಮಂಕಾಗುತ್ತದೆ, ಪರದೆ ಮಸುಕಾಗುತ್ತದೆ. ಆಟದ ವೇಗ ಮಾತ್ರ ಒಳಗಿನ ಸ್ಫಟಿಕ ಗಡಿಯಾರದ ಲೆಕ್ಕದಲ್ಲಿ ನಡೆಯುತ್ತದೆ.

ಹಳೆಯ ಆಟಗಳು ನಿಧಾನವಾಗಲು ಕಾರಣ ಪ್ರೊಸೆಸರ್‌ಗೆ ಬೀಳುವ ಹೊರೆ. ಸೆಕೆಂಡಿನ 60ನೇ ಒಂದು ಭಾಗದೊಳಗೆ ಎಲ್ಲ ಗುಂಡು, ಎಲ್ಲ ಶತ್ರುಗಳ ಲೆಕ್ಕ ಮುಗಿಯಬೇಕು. ಮುಗಿಯದಿದ್ದರೆ ಮುಂದಿನ ಸರದಿಗೆ ಕಾಯಬೇಕು. ನಮ್ಮ ಕಣ್ಣಿಗೆ ಆಟ ನಿಧಾನವಾದಂತೆ ಕಾಣುತ್ತದೆ.

ಇದರ ಇನ್ನೊಂದು ಮುಖ ಸ್ಪೇಸ್ ಇನ್ವೇಡರ್ಸ್‌ನಲ್ಲಿತ್ತು. ಶತ್ರುಗಳು ಕಡಿಮೆಯಾದಷ್ಟೂ ಬಿಡಿಸುವ ಕೆಲಸ ಕಡಿಮೆಯಾಗಿ, ಉಳಿದವು ವೇಗವಾಗಿ ಓಡುತ್ತಿದ್ದವು. ಮೆಷಿನ್‌ನ ಈ ಸ್ವಭಾವವೇ ಆಟದ ರೋಮಾಂಚನವಾಯಿತು.

ಕೈ ಚುರುಕಿದ್ದರೆ ಸಾಕೇ?

ಒಂದು ಚಿಕ್ಕ ಲೆಕ್ಕ ಮಾಡೋಣ. ಗುಂಡು ಪ್ರತಿ ಚೌಕಟ್ಟಿಗೆ 3 ಪಿಕ್ಸೆಲ್ ಸರಿಯುತ್ತದೆ ಎಂದುಕೊಳ್ಳಿ. ನಿಮ್ಮ ವಿಮಾನ ಪರದೆಯ ಕೆಳಗಿದ್ದು, ಗುಂಡು 120 ಪಿಕ್ಸೆಲ್ ಮೇಲಿನಿಂದ ಹೊರಟರೆ ತಲುಪಲು 40 ಚೌಕಟ್ಟು ಬೇಕು. ಸೆಕೆಂಡಿಗೆ 60ರ ಲೆಕ್ಕದಲ್ಲಿ ಅದು ಸುಮಾರು 0.67 ಸೆಕೆಂಡ್. ನೀವು ಪರದೆಯ ನಡುವೆ, 60 ಪಿಕ್ಸೆಲ್ ದೂರದಲ್ಲಿದ್ದರೆ ಸಿಗುವುದು 0.33 ಸೆಕೆಂಡ್ ಮಾತ್ರ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಮನುಷ್ಯರಿಗೆ ಸುಮಾರು 0.2ರಿಂದ 0.25 ಸೆಕೆಂಡ್ ಬೇಕು. ಉಳಿಯುವುದು ಎಷ್ಟು? ಏನೂ ಇಲ್ಲ ಎನ್ನಬಹುದು.

ದೊಡ್ಡ ಪೆಟ್ಟಿಗೆಯ ಮೆಷಿನ್‌ಗಳಲ್ಲಿ ಇಂಥ ಆಟಗಳಿಗೆ ಪರದೆಯನ್ನು ಉದ್ದಕ್ಕೆ ನಿಲ್ಲಿಸಿರುತ್ತಿದ್ದರು. ಗೇಮ್ ಬಾಯ್ ಪರದೆ ಹೆಚ್ಚುಕಡಿಮೆ ಚೌಕ. ನೋಡಿ ತಪ್ಪಿಸಿಕೊಳ್ಳಲು ಸಿಗುವ ದೂರವೇ ಕಡಿಮೆ. ಆದ್ದರಿಂದ ಇಲ್ಲಿ ಗೆಲ್ಲುವುದು ಚುರುಕು ಕೈಗಿಂತ ಮುಂದಾಲೋಚನೆ.

• ವಿಮಾನವನ್ನು ಕೆಳಭಾಗದಲ್ಲಿ, ಮಧ್ಯಕ್ಕೆ ಹತ್ತಿರವಾಗಿ ಇಡಿ. ಮೂಲೆಗೆ ಸೇರಿದರೆ ಓಡಲು ಒಂದೇ ಕಡೆ ಉಳಿಯುತ್ತದೆ.
• ನಿಮ್ಮ ವಿಮಾನವನ್ನೇ ದಿಟ್ಟಿಸಬೇಡಿ. ಅದರ ಸ್ವಲ್ಪ ಮೇಲಿನ ಜಾಗವನ್ನು ನೋಡಿ.
• ಗುಂಡು ತಪ್ಪಿಸುವುದಕ್ಕಿಂತ, ಗುಂಡು ಹಾರಿಸುವ ಮೊದಲೇ ಶತ್ರುವನ್ನು ಹೊಡೆಯುವುದು ಸುಲಭ.
• 'ಪಿ' ಬಿಡಬೇಡಿ, ಆದರೆ ಅದಕ್ಕಾಗಿ ಗುಂಡಿನ ನಡುವೆ ನುಗ್ಗಲೂ ಬೇಡಿ.
• ಸತ್ತ ಜಾಗ ನೆನಪಿಡಿ. ಮುಂದಿನ ಸಲವೂ ಶತ್ರು ಅಲ್ಲೇ ಬರಬಹುದು.

ಇಂಥ ಆಟ ಮಿದುಳಿಗೆ ಒಳ್ಳೆಯದೇ, ಕೆಟ್ಟದ್ದೇ?

"ಗೇಮ್ ಆಡಿದರೆ ಮಿದುಳು ಹಾಳು" ಎಂಬ ಫಾರ್ವರ್ಡ್ ಒಂದು ಕಡೆ, "ಗೇಮ್ ಆಡಿದರೆ ಬುದ್ಧಿ ಹೆಚ್ಚು" ಎಂಬ ಫಾರ್ವರ್ಡ್ ಇನ್ನೊಂದು ಕಡೆ. ಎರಡೂ ಅತಿ.

2003ರಲ್ಲಿ ಶಾನ್ ಗ್ರೀನ್ ಮತ್ತು ಡಾಫ್ನೆ ಬಾವಲಿಯರ್ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಟದ ಅಭ್ಯಾಸವಿಲ್ಲದವರಿಗೆ 10 ದಿನ, ದಿನಕ್ಕೆ ಒಂದು ಗಂಟೆ ವೇಗದ ಯುದ್ಧದ ಆಟ ಆಡಿಸಿದಾಗ, ಟೆಟ್ರಿಸ್ ಆಡಿದವರಿಗಿಂತ ಅವರ ಕಣ್ಣಿನ ಗಮನಶಕ್ತಿ ಸುಧಾರಿಸಿತ್ತು. ಗಮನಿಸಿ, ಅದು ಬೇರೆ ಬಗೆಯ ಶೂಟಿಂಗ್ ಆಟ. ಸುಧಾರಿಸಿದ್ದು ಗಮನಶಕ್ತಿ, ಪರೀಕ್ಷೆಯ ಅಂಕಗಳಲ್ಲ!

ಎಚ್ಚರಿಕೆಯೂ ಬೇಕು. ವೇಗವಾಗಿ ಮಿಂಚುವ ಬೆಳಕು ಮೂರ್ಛೆರೋಗ ಇರುವ ಕೆಲವರಿಗೆ ಫಿಟ್ಸ್ ತರಬಹುದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನ್‌ನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಬೇಗಬೇಗ ಮಿಂಚಿದಾಗ ಸುಮಾರು 685 ಮಂದಿಯನ್ನು, ಹೆಚ್ಚಾಗಿ ಮಕ್ಕಳನ್ನು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಎಲ್ಲರಿಗೂ ಹೀಗಾಗುವುದಿಲ್ಲ. ಮೂರ್ಛೆರೋಗ ಇರುವವರಲ್ಲೂ ಬೆಳಕಿನಿಂದ ಫಿಟ್ಸ್ ಬರುವುದು ಸುಮಾರು ನೂರರಲ್ಲಿ ಮೂವರಿಗೆ. ಆದರೂ ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಆಡಲು ಬಿಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ, 5 ನಿಮಿಷದಲ್ಲಿ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಹಾಗಾದರೆ ಫೋನ್ ಆಟಗಳು?

ಇಲ್ಲಿಯೇ ಮುಖ್ಯ ವ್ಯತ್ಯಾಸ ಇರುವುದು. ಸೋಲಾರ್ ಸ್ಟ್ರೈಕರ್‌ಗೆ ಹಣ ಕೊಡುವುದು ಒಂದೇ ಸಲ, ಅಂಗಡಿಯಲ್ಲಿ. ಆಮೇಲೆ ನೀವು ಸೋತರೂ ಗೆದ್ದರೂ ಕಂಪನಿಗೆ ಲಾಭ ನಷ್ಟ ಇಲ್ಲ. 6 ಹಂತ ಮುಗಿದರೆ ಕಥೆಯೂ ಮುಗಿಯಿತು. ಗೆಲ್ಲಲು ಇರುವ ದಾರಿ ಅಭ್ಯಾಸವೊಂದೇ.

ಈಗಿನ ಅನೇಕ ಉಚಿತ ಆಟಗಳು ಹಾಗಲ್ಲ. ಅವಕ್ಕೆ ಕೊನೆಯೇ ಇರುವುದಿಲ್ಲ. ಸತ್ತ ತಕ್ಷಣ "ಜಾಹೀರಾತು ನೋಡಿ ಬದುಕಿ" ಅಥವಾ "ಹಣ ಕೊಟ್ಟು ಹೊಸ ವಿಮಾನ ಪಡೆಯಿರಿ" ಎಂಬ ಗುಂಡಿ ಬರುತ್ತದೆ. ನೀವು ಸೋತಾಗಲೇ ಅವರಿಗೆ ಆದಾಯ. ಅಲ್ಲಿ ಕಷ್ಟ ಹೆಚ್ಚಾಗುತ್ತಿರುವುದು ನಿಮ್ಮ ಕೈಚಳಕ ಪರೀಕ್ಷಿಸಲೋ, ನಿಮ್ಮ ಯುಪಿಐ ಪಿನ್ ಒತ್ತಿಸಲೋ ಎಂದು ಕೇಳಿಕೊಳ್ಳಬೇಕಾದದ್ದು ಇಂಥ ಕಡೆ. ಮಕ್ಕಳ ಕೈಗೆ ಫೋನ್ ಕೊಡುವ ಮೊದಲು ಆ್ಯಪ್ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡಿ.

ನಮ್ಮ ತೀರ್ಮಾನ

ಹಳೆಯ ಗೇಮ್ ಬಾಯ್ ಶೂಟರ್ ಮೋಸ ಮಾಡುತ್ತದೆ ಎಂಬುದು ತಪ್ಪು. ಹಾರದ ವಿಮಾನವನ್ನು ಹಾರಿದಂತೆ ತೋರಿಸಿ ಕಣ್ಣಿಗೆ ಮಂಕುಬೂದಿ ಎರಚುತ್ತದೆ, ನಿಜ. ಆದರೆ ಗೆಲುವು ಸೋಲಿನ ನಿಯಮವನ್ನು ನಡುವೆ ಬದಲಿಸುವುದಿಲ್ಲ. ಮುಂದಿನ ಸಲ ಮನೆಯಲ್ಲಿ ಯಾರಾದರೂ "ಗೇಮ್ ಮೋಸ ಮಾಡ್ತು" ಎಂದರೆ, ಎರಡು ಪ್ರಶ್ನೆ ಕೇಳಿ: ಪ್ರತಿ ಸಲವೂ ನಿಯಮ ಒಂದೇ ಇದೆಯೇ? ಸೋತಾಗ ದುಡ್ಡು ಕೇಳುತ್ತದೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದು ಉತ್ತರ ಬಂದರೆ, ಇನ್ನೊಂದು ಸಲ ಆಡಿ ನೋಡಲು ಹೇಳಿ.